ಹಳೆಯ ಕಾರಿನ ಕ್ಲಚ್ ಎಣ್ಣೆ: ಬದಲಾವಣೆಯ ಕ್ರಮ ಮತ್ತು ಲೆಕ್ಕದ ಅಂಶಗಳು

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಭಾಗದ ಹಳೆಯ ವರ್ತಕ ಮನೆತನಗಳಲ್ಲಿ ತಂದೆಯ ಅಥವಾ ತಾತನ ಕಾಲದ ಕಾರೊಂದು ಮಂಡಿಯ ಹಿಂದಿನ ಷೆಡ್ಡಿನಲ್ಲಿಯೋ ಗೋದಾಮಿನ ಮೂಲೆಯಲ್ಲಿಯೋ ಉಳಿದುಕೊಂಡಿರುವುದುಂಟು. ವರ್ಷಕ್ಕೊಮ್ಮೆ ಆಯುಧಪೂಜೆಯಂದು ಅದನ್ನು ಹೊರತೆಗೆದು, ತೊಳೆದು, ಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು, ಬಿ.ಎಚ್. ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು ಪುನಃ ಒಳಗೆ ನಿಲ್ಲಿಸಲಾಗುತ್ತದೆ. ಹೊರಡುವ ಮುನ್ನ ಬ್ಯಾಟರಿ, ಟೈರಿನ ಗಾಳಿ, ಎಂಜಿನ್ ಆಯಿಲ್ ಇವುಗಳನ್ನು ನೋಡುವ ಮಾಲೀಕರು ಕ್ಲಚ್ಚಿಗೂ ಒಂದು ಎಣ್ಣೆ ಇದೆ ಎಂಬುದನ್ನು ಸಾಮಾನ್ಯವಾಗಿ ಮರೆತಿರುತ್ತಾರೆ. ನೆನಪಿಸಿದರೂ ಬರುವ ಉತ್ತರ ಒಂದೇ: ಕಾರು ಓಡಿಯೇ ಇಲ್ಲ, ಎಣ್ಣೆ ಹೇಗೆ ಕೆಟ್ಟೀತು?

ಎಂಜಿನ್ ಆಯಿಲ್ಲಿನ ಮಟ್ಟಿಗೆ ಈ ವಾದದಲ್ಲಿ ಸ್ವಲ್ಪ ಹುರುಳಿದೆ. ಕ್ಲಚ್ಚಿನ ಎಣ್ಣೆಯ ಮಟ್ಟಿಗೆ ಇಲ್ಲ. ಅದು ಓಡಿದ ಕಿಲೋಮೀಟರುಗಳಿಂದ ಕೆಡುವುದಕ್ಕಿಂತ ಕಳೆದ ತಿಂಗಳುಗಳಿಂದ ಕೆಡುತ್ತದೆ. ಲೆಕ್ಕಪತ್ರ ಬಲ್ಲ ವರ್ತಕರಿಗೆ ಇದನ್ನು ವಿವರಿಸುವುದು ಸುಲಭ. ಯಂತ್ರವನ್ನು ಬಳಸಲಿ, ಬಿಡಲಿ, ಕಾಲ ಸರಿದಂತೆ ಸವಕಳಿ ಬರೆಯಬೇಕಾದಂತೆಯೇ ಈ ದ್ರವಕ್ಕೂ ಕಾಲಾನುಸಾರ ಸವಕಳಿ ಇದೆ. ವ್ಯತ್ಯಾಸವೆಂದರೆ, ಸವಕಳಿಯನ್ನು ಬರೆಯದಿದ್ದರೆ ಲೆಕ್ಕ ಪರಿಶೋಧಕರು ಕೇಳುತ್ತಾರೆ. ಎಣ್ಣೆಯನ್ನು ಬದಲಾಯಿಸದಿದ್ದರೆ ನಡುರಸ್ತೆಯಲ್ಲಿ ಗೇರು ಬೀಳದೆ ಕಾರು ನಿಂತಾಗ ಮಾತ್ರ ಗೊತ್ತಾಗುತ್ತದೆ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿಲೋಮೀಟರು; ಆ ದೂರದಲ್ಲಿ ಒಂದು ಹಳೆಯ ಕಾರನ್ನು ಲಾರಿಯ ಮೇಲೆ ಹೇರಿಸಿಕೊಂಡು ತರುವ ಬಾಡಿಗೆಯ ಎದುರಿಗೆ ಅರ್ಧ ಲೀಟರ್ ಕ್ಲಚ್ ಎಣ್ಣೆಯ ಬೆಲೆ ಲೆಕ್ಕಕ್ಕೇ ಬರುವಂಥದ್ದಲ್ಲ.

ಎಲ್ಲ ಹಳೆಯ ಕಾರುಗಳಿಗೂ ಕ್ಲಚ್ ಎಣ್ಣೆ ಇಲ್ಲ

ಮೊದಲು ತಿಳಿಯಬೇಕಾದುದು, ತಮ್ಮ ಕಾರಿನಲ್ಲಿ ಈ ವ್ಯವಸ್ಥೆ ಇದೆಯೇ ಎಂಬುದು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಕಾರುಗಳಲ್ಲಿ ಸಾಮಾನ್ಯವಾಗಿ ಪೆಡಲಿನಿಂದ ಕ್ಲಚ್ಚಿನವರೆಗೆ ಕಬ್ಬಿಣದ ಸರಳು ಮತ್ತು ಸನ್ನೆಗಳೇ ಇರುತ್ತಿದ್ದವು. ವಿಲ್ಲೀಸ್ ಜೀಪು ಮತ್ತು ಮಾರಿಸ್ ಮೈನರ್‌ಗಳಲ್ಲಿಯೂ ಅದೇ ಯಾಂತ್ರಿಕ ಜೋಡಣೆ. ಫೋಕ್ಸ್‌ವ್ಯಾಗನ್ ಬೀಟಲ್‌ಗೆ ತಂತಿಯ ಕೇಬಲ್. ಇವುಗಳಲ್ಲಿ ಬದಲಾಯಿಸಲು ಎಣ್ಣೆಯೇ ಇಲ್ಲ. ಕೀಲುಗಳಿಗೆ ಗ್ರೀಸು ಹಚ್ಚಿ, ಪೆಡಲಿನ ಸಡಿಲವನ್ನು ಸರಿಪಡಿಸಿದರೆ ಸಾಕು.

ನಮ್ಮ ಭಾಗಕ್ಕೆ ಪರಿಚಿತವಾದ ಹಳೆಯ ಕಾರುಗಳ ಪೈಕಿ ದ್ರವದ ಕ್ಲಚ್ಚಿಗೆ ಒಳ್ಳೆಯ ಉದಾಹರಣೆ ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಆಧಾರದ ಮೇಲೆ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ 1961ರಿಂದ ಇದನ್ನು ತಯಾರಿಸಿತು. ಇದರ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆದುಕೊಳ್ಳುವುದರಿಂದ ಕೆಲಸ ಕಲಿಯುವವರಿಗೆ ಇದಕ್ಕಿಂತ ಅನುಕೂಲವಾದ ಕಾರು ಮತ್ತೊಂದಿಲ್ಲವೆನ್ನಬಹುದು. ಅಂಬಾಸಿಡರ್ ಆಗಲಿ ಫಿಯೆಟ್ ಆಗಲಿ, ಹೆಸರಿನ ಮೇಲೆ ತೀರ್ಮಾನಿಸದೆ ಬಾನೆಟ್ಟು ತೆರೆದು ನೋಡುವುದು ಒಳ್ಳೆಯದು. ಬ್ರೇಕಿನ ಎಣ್ಣೆಯ ಡಬ್ಬಿಯ ಪಕ್ಕದಲ್ಲಿ ಅದೇ ಬಗೆಯ ಇನ್ನೊಂದು ಚಿಕ್ಕ ಡಬ್ಬಿ ಇದ್ದು, ಅದರಿಂದ ಹೊರಟ ಸಣ್ಣ ಕೊಳವೆ ಗೇರ್‌ಬಾಕ್ಸಿನ ಕಡೆಗೆ ಹೋಗಿದ್ದರೆ ಅದು ದ್ರವದ ಕ್ಲಚ್ಚು. ಕೆಲವು ಕಾರುಗಳಲ್ಲಿ ಎರಡಕ್ಕೂ ಒಂದೇ ಡಬ್ಬಿ ಇರುತ್ತದೆ.

ಒಂದು ಚಮಚದ ವ್ಯವಹಾರ

ಪೆಡಲಿಗೆ ಜೋಡಿಸಿದ ಮೇಲಿನ ಸಿಲಿಂಡರನ್ನು ಮಾಸ್ಟರ್ ಸಿಲಿಂಡರ್ ಎಂದೂ, ಗೇರ್‌ಬಾಕ್ಸಿನ ಪಕ್ಕದಲ್ಲಿರುವುದನ್ನು ಸ್ಲೇವ್ ಸಿಲಿಂಡರ್ ಎಂದೂ ಕರೆಯುವುದು ವಾಡಿಕೆ. ಪೆಡಲನ್ನು ಒತ್ತಿದಾಗ ಮಾಸ್ಟರಿನ ಪಿಸ್ಟನ್ನು ದ್ರವವನ್ನು ತಳ್ಳುತ್ತದೆ. ಆ ದ್ರವ ಸ್ಲೇವ್‌ನ ಪಿಸ್ಟನ್ನನ್ನು ಹೊರಕ್ಕೆ ನೂಕುತ್ತದೆ. ಅದು ಕ್ಲಚ್ಚಿನ ಫೋರ್ಕನ್ನು ಒತ್ತಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಇರುವ ಸಂಬಂಧವನ್ನು ತಾತ್ಕಾಲಿಕವಾಗಿ ಬಿಡಿಸುತ್ತದೆ.

ಇಲ್ಲಿಯ ಗಣಿತವು ನಿಖರವಾದುದು. ಮಾಸ್ಟರಿನ ವ್ಯಾಸ 5/8 ಅಂಗುಲ, ಸ್ಲೇವ್‌ನ ವ್ಯಾಸ 7/8 ಅಂಗುಲ ಎಂದು ಉದಾಹರಣೆಗೆ ಭಾವಿಸಿದರೆ, ವಿಸ್ತೀರ್ಣಗಳ ಪ್ರಮಾಣ 25ಕ್ಕೆ 49. ಒತ್ತಡದ ಬಲ ಸುಮಾರು ಎರಡರಷ್ಟಾಗುತ್ತದೆ, ಚಲನೆ ಅರ್ಧದಷ್ಟಾಗುತ್ತದೆ. ಜಮಾ ಒಂದು ಕಡೆಯಾದರೆ ಖರ್ಚು ಇನ್ನೊಂದು ಕಡೆ ಬೀಳಲೇಬೇಕಷ್ಟೆ. ಮಾಸ್ಟರಿನ ಪಿಸ್ಟನ್ನು 30 ಮಿಲಿಮೀಟರು ಚಲಿಸಿದರೆ ಸ್ಥಳಾಂತರವಾಗುವ ದ್ರವ ಸುಮಾರು 6 ಮಿಲಿ, ಅಂದರೆ ಒಂದು ಚಹಾ ಚಮಚಕ್ಕಿಂತ ಸ್ವಲ್ಪ ಹೆಚ್ಚು. ಇಡೀ ಕಾರಿನ ಗೇರು ಬೀಳುವುದು, ಬೀಳದಿರುವುದು ಈ ಒಂದು ಚಮಚವನ್ನು ಅವಲಂಬಿಸಿದೆ. ಅದರಲ್ಲಿ ಒಂದು ಮಿಲಿಯಷ್ಟು ಗಾಳಿ ಸೇರಿಕೊಂಡರೂ, ಗಾಳಿಯು ಕುಗ್ಗುವ ವಸ್ತುವಾದುದರಿಂದ, ಚಲನೆಯ ಸುಮಾರು ಆರನೆಯ ಒಂದು ಭಾಗ ಆ ಗುಳ್ಳೆಯನ್ನು ಅದುಮುವುದರಲ್ಲಿಯೇ ವ್ಯರ್ಥವಾಗುತ್ತದೆ. ಸವೆದ ರಬ್ಬರಿನ ಪಕ್ಕದಿಂದ ದ್ರವ ಹಿಂದಕ್ಕೆ ಜಾರಿದರೂ ಅದೇ ಪರಿಣಾಮ. ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರು ಕಿರುಗುಟ್ಟುತ್ತದೆ, ರಿವರ್ಸ್ ಅಂತೂ ಬೀಳುವುದೇ ಇಲ್ಲ.

ದ್ರವ ಕೆಡುವ ಬಗೆ

ಕ್ಲಚ್ ಎಣ್ಣೆ ಎಂದು ಬಾಯಿಮಾತಿನಲ್ಲಿ ಕರೆದರೂ ಇದು ಎಣ್ಣೆಯಲ್ಲ. ಗ್ಲೈಕಾಲ್ ಎಂಬ ರಾಸಾಯನಿಕ ವರ್ಗಕ್ಕೆ ಸೇರಿದ, ಬ್ರೇಕಿಗೂ ಕ್ಲಚ್ಚಿಗೂ ಸಮಾನವಾಗಿ ಬಳಕೆಯಾಗುವ ದ್ರವ. ಅಂಗಡಿಯಲ್ಲಿ ಬ್ರೇಕ್ ಆಯಿಲ್ ಎಂದು ಕೇಳಿದರೆ ದೊರೆಯುವುದು ಇದೇ. ಡಬ್ಬಿಯ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಮುದ್ರಿತವಾಗಿರುತ್ತದೆ.

ಈ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವಿದೆ. ಮಳೆಗಾಲದಲ್ಲಿ ಡಬ್ಬಿಯೊಳಗಿನ ಉಪ್ಪು ನೀರೊಡೆಯುವುದನ್ನು ಕಂಡವರಿಗೆ ಇದು ಹೊಸತಲ್ಲ. ಮುಚ್ಚಳದಲ್ಲಿ ಗಾಳಿಯಾಡಲು ಇರುವ ಸಣ್ಣ ರಂಧ್ರದ ಮೂಲಕವೂ ರಬ್ಬರ್ ಹೋಸಿನ ಗೋಡೆಯ ಮೂಲಕವೂ ತೇವ ಒಳಸೇರುತ್ತಲೇ ಇರುತ್ತದೆ. ಹೊಸ ಡಾಟ್ 3 ದ್ರವದ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಮಾನದಂಡ. ಅದು ಶೇಕಡಾ 3.7ರಷ್ಟು ನೀರು ಹೀರಿದಾಗ 140 ಡಿಗ್ರಿಗೆ ಇಳಿಯಲು ಅವಕಾಶವಿದೆ. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ಕಾಲು ಲೀಟರ್ ದ್ರವದಲ್ಲಿ ಶೇಕಡಾ 3.7 ಎಂದರೆ ಸುಮಾರು 9 ಮಿಲಿ, ಎರಡು ಚಮಚಕ್ಕೂ ಕಡಿಮೆ.

ಬ್ರೇಕಿನಲ್ಲಿ ದ್ರವ ಕುದಿಯುವುದೇ ದೊಡ್ಡ ಅಪಾಯ. ಕ್ಲಚ್ಚಿನಲ್ಲಿ ಅಷ್ಟು ಬಿಸಿ ಹುಟ್ಟುವುದಿಲ್ಲವಾದ್ದರಿಂದ ಕುದಿಯುವ ಬಿಂದುವಿನ ಚಿಂತೆ ಕಡಿಮೆ. ಅಲ್ಲಿ ನೀರು ಮಾಡುವ ಹಾನಿ ಬೇರೆ. ನಿಂತ ಕಾರಿನಲ್ಲಿ ಪಿಸ್ಟನ್ನು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿರುತ್ತದೆ. ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕು ಹಿಡಿದು ಸಣ್ಣ ಕುಳಿಗಳು ಬೀಳುತ್ತವೆ. ಒಂದು ದಿನ ಪೆಡಲನ್ನು ಒತ್ತಿದಾಗ ರಬ್ಬರಿನ ಅಂಚು ಆ ಕುಳಿಗಳ ಮೇಲೆ ಉಜ್ಜಿ ಹರಿಯುತ್ತದೆ. ಡಬ್ಬಿಯ ತಳದಲ್ಲಿ ಕಾಣುವ ಕಪ್ಪು ರಾಡಿ ಹೀಗೆ ಸವೆದ ರಬ್ಬರು ಮತ್ತು ತುಕ್ಕಿನದೇ. ಆದ್ದರಿಂದಲೇ ದಿನವೂ ಓಡುವ ಕಾರಿಗಿಂತ ಷೆಡ್ಡಿನಲ್ಲಿ ನಿಂತ ಕಾರಿಗೆ ಈ ಕೆಲಸ ಹೆಚ್ಚು ಅಗತ್ಯ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಸಾಮಾನ್ಯವಾಗಿ ಒಪ್ಪಿತವಾದ ಅವಧಿ. ವರ್ತಕರಿಗೆ ಮರೆಯದ ದಿನ ಬೇಕೆಂದರೆ ಆಯುಧಪೂಜೆಯ ಹಿಂದಿನ ವಾರವೇ ಸರಿ. ಮುಂಗಾರು ಮುಗಿದಿರುತ್ತದೆ, ಕಾರನ್ನು ಹೇಗೂ ಹೊರತೆಗೆಯಬೇಕಾಗಿರುತ್ತದೆ.

ಕಾರ್ಖಾನೆಯವರು ವಿಶೇಷವಾಗಿ ಗಮನಿಸಬೇಕಾದ ಅಪಾಯ

ಅಂತರಸನಹಳ್ಳಿ, ಸತ್ಯಮಂಗಲ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳ ಉದ್ಯಮಿಗಳಿಗೆ ಹೈಡ್ರಾಲಿಕ್ ಆಯಿಲ್ ಎಂಬ ಮಾತು ನಿತ್ಯದ ಬಳಕೆಯದು. ಪ್ರೆಸ್ಸುಗಳಿಗೆ, ಲಿಫ್ಟುಗಳಿಗೆ, ಜಾಕ್‌ಗಳಿಗೆ ಬಳಸುವ 68 ನಂಬರಿನ ಎಣ್ಣೆಯ ಡ್ರಮ್ಮು ಅನೇಕ ಕಡೆ ಕೈಗೆಟುಕುವಂತೆಯೇ ಇರುತ್ತದೆ. ಕ್ಲಚ್ಚೂ ಹೈಡ್ರಾಲಿಕ್, ಎಣ್ಣೆಯೂ ಹೈಡ್ರಾಲಿಕ್ ಎಂಬ ಹೆಸರಿನ ಸಾಮ್ಯದಿಂದ, ಡಬ್ಬಿಯಲ್ಲಿ ಮಟ್ಟ ಇಳಿದಾಗ ಡ್ರಮ್ಮಿನಿಂದ ಒಂದಿಷ್ಟು ಸುರಿದುಬಿಡುವ ಪ್ರಮಾದಕ್ಕೆ ಇಲ್ಲಿ ಅವಕಾಶ ಹೆಚ್ಚು. ಫಲಿತಾಂಶ ಅನರ್ಥಕಾರಿ. ಡ್ರಮ್ಮಿನ ಎಣ್ಣೆ ಖನಿಜ ತೈಲ. ಬ್ರೇಕ್ ಮತ್ತು ಕ್ಲಚ್ಚಿನ ರಬ್ಬರುಗಳನ್ನು, ಅವು ಹಳೆಯ ಸ್ವಾಭಾವಿಕ ರಬ್ಬರಿನವಾಗಲಿ ಈಚಿನ ಇ.ಪಿ.ಡಿ.ಎಂ. ರಬ್ಬರಿನವಾಗಲಿ, ಗ್ಲೈಕಾಲಿಗೆ ತಕ್ಕಂತೆ ತಯಾರಿಸಲಾಗಿರುತ್ತದೆ. ಖನಿಜ ತೈಲ ತಾಗಿದರೆ ಅವು ಉಬ್ಬಿ ಮೆತ್ತಗಾಗಿ ಸಿಲಿಂಡರಿನೊಳಗೆ ಕಚ್ಚಿಕೊಳ್ಳುತ್ತವೆ. ಆಮೇಲೆ ಎಣ್ಣೆಯನ್ನು ತೆಗೆದು ಸರಿಯಾದ ದ್ರವ ಹಾಕಿದರೂ ಪ್ರಯೋಜನವಿಲ್ಲ. ಎಲ್ಲ ರಬ್ಬರುಗಳನ್ನೂ ಹೋಸನ್ನೂ ಬದಲಾಯಿಸಿ, ಲೋಹದ ಕೊಳವೆಗಳನ್ನು ತೊಳೆಯಲೇಬೇಕು. ಸೀಮೆಎಣ್ಣೆ ಅಥವಾ ಪೆಟ್ರೋಲಿನಿಂದ ಸಿಲಿಂಡರಿನ ಒಳಭಾಗವನ್ನು ತೊಳೆಯುವ ಗ್ಯಾರೇಜಿನ ಅಭ್ಯಾಸವೂ ಇದೇ ಕಾರಣದಿಂದ ತ್ಯಾಜ್ಯ.

ಇದರ ಮಗ್ಗುಲಿನ ಇನ್ನೊಂದು ತಪ್ಪು ರಬ್ಬರಿನ ಆಯ್ಕೆಯಲ್ಲಿ ಆಗುತ್ತದೆ. ಕಂಪನಿಯ ಕಿಟ್ ಸಿಗದಿದ್ದಾಗ ಪ್ರೆಸ್ಸಿನ ಸೀಲುಗಳನ್ನು ಮಾರುವ ಅಂಗಡಿಯಲ್ಲಿ ಅದೇ ಅಳತೆಯ ಕಪ್ಪು ವಾಷರನ್ನು ಕೊಳ್ಳುವವರಿದ್ದಾರೆ. ಆ ಸೀಲುಗಳು ಸಾಧಾರಣವಾಗಿ ನೈಟ್ರೈಲ್ ರಬ್ಬರಿನವು. ಖನಿಜ ತೈಲಕ್ಕೆ ಒಗ್ಗುತ್ತವೆ, ಗ್ಲೈಕಾಲಿಗೆ ಒಗ್ಗುವುದಿಲ್ಲ. ನೋಟಕ್ಕೆ ಎರಡೂ ಒಂದೇ. ಅಳತೆಯಲ್ಲಿಯೂ ಮೋಸವಿದೆ. ಇಂಗ್ಲಿಷ್ ಮೂಲದ ಕಾರುಗಳ ಸಿಲಿಂಡರುಗಳು ಅಂಗುಲದ ಲೆಕ್ಕದವು. 5/8 ಅಂಗುಲವೆಂದರೆ 15.9 ಮಿಲಿಮೀಟರು, 3/4 ಅಂಗುಲವೆಂದರೆ 19.05, 7/8 ಅಂಗುಲವೆಂದರೆ 22.2. ಹತ್ತಿರದ ಮಿಲಿಮೀಟರಿನ ಅಳತೆಯದನ್ನು ತುರುಕಿದರೆ ಅದು ಒಂದೋ ಬಿಗಿಯಾಗಿ ಸವೆಯುತ್ತದೆ, ಇಲ್ಲವೇ ಸಡಿಲವಾಗಿ ಸೋರುತ್ತದೆ. ಟ್ರಯಂಫ್ ಹೆರಾಲ್ಡಿನ ಸಿಲಿಂಡರ್ ಕಿಟ್ಟುಗಳು ಇಂಗ್ಲೆಂಡಿನ ಬಿಡಿಭಾಗ ವ್ಯಾಪಾರಿಗಳಲ್ಲಿ ಈಗಲೂ ಲಭ್ಯವಿವೆ. ಕೆಲಸ ಆರಂಭಿಸುವ ಮೊದಲೇ ಒಂದು ಜೊತೆ ತರಿಸಿಟ್ಟುಕೊಳ್ಳುವುದು ಜಾಣತನ. ಕುಳಿ ಬಿದ್ದ ಸಿಲಿಂಡರನ್ನು ಎಸೆಯಬೇಕಿಲ್ಲ. ಒಳಗೋಡೆಯನ್ನು ಕೊರೆದು ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ತೋಳು ಕೂಡಿಸಿ ಮೂಲ ಅಳತೆಗೆ ನುಣುಪಾಗಿಸುವ ಕೆಲಸವನ್ನು ಒಳ್ಳೆಯ ಲೇತ್ ಕೆಲಸಗಾರರು ಮಾಡಬಲ್ಲರು. ನುಣುಪು ಸಾಲದಿದ್ದರೆ ಹೊಸ ರಬ್ಬರೂ ಬೇಗ ಹೋಗುತ್ತದೆಂಬುದನ್ನು ಅವರಿಗೆ ಮೊದಲೇ ಹೇಳಬೇಕು.

ಡಬ್ಬಿಯಲ್ಲಿ ಈಗ ಇರುವುದು ಯಾವ ದ್ರವ ಎಂಬ ಸಂಶಯವಿದ್ದರೆ ಸುಲಭದ ಪರೀಕ್ಷೆಯೊಂದಿದೆ. ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಎರಡು ಹನಿ ಬಿಟ್ಟು ಕಲಕಬೇಕು. ಗ್ಲೈಕಾಲ್ ದ್ರವ ನೀರಿನಲ್ಲಿ ಬೆರೆತುಹೋಗುತ್ತದೆ. ಖನಿಜ ತೈಲ ಬೆರೆಯದೆ ಮೇಲೆ ತೇಲುತ್ತದೆ. ಸಿಲಿಕೋನ್ ದ್ರವವಾದರೂ ಬೆರೆಯದೆ ಪ್ರತ್ಯೇಕವಾಗಿ ನಿಲ್ಲುತ್ತದೆ. ಆ ಲೋಟವನ್ನು ಮತ್ತೆ ಅಡಿಗೆಮನೆಗೆ ಕಳಿಸಬಾರದು. ಈ ದ್ರವ ವಿಷ.

ಸಿಲಿಕೋನ್ ದ್ರವದ ವಿಷಯದಲ್ಲಿ ಎರಡು ಮಾತು. ಇದಕ್ಕೆ ಡಾಟ್ 5 ಎಂದು ಹೆಸರು. ಹೆಸರು ಹೋಲುವ ಡಾಟ್ 5.1 ಮಾತ್ರ ಗ್ಲೈಕಾಲ್ ವರ್ಗದ್ದೇ. ಇವೆರಡನ್ನು ಅದಲು ಬದಲು ಮಾಡಿಕೊಳ್ಳಬಾರದು. ಸಿಲಿಕೋನ್ ದ್ರವ ತೇವ ಹೀರುವುದಿಲ್ಲ, ಬಣ್ಣವನ್ನು ಕೆಡಿಸುವುದಿಲ್ಲ. ಆದರೆ ಗ್ಲೈಕಾಲಿನೊಡನೆ ಬೆರೆಯುವುದಿಲ್ಲ, ಸೂಕ್ಷ್ಮ ಗಾಳಿಗುಳ್ಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಕುವ ಮುನ್ನ ಇಡೀ ವ್ಯವಸ್ಥೆಯನ್ನು ಬಿಚ್ಚಿ ಶುಚಿಗೊಳಿಸಿ ರಬ್ಬರುಗಳನ್ನು ಹೊಸದಾಗಿಸಬೇಕು. ಪ್ರದರ್ಶನಕ್ಕೆಂದೇ ನಿಲ್ಲಿಸುವ ಕಾರಿಗೆ ಅದು ಹೊಂದೀತು. ಕುಣಿಗಲ್ಲಿನಿಂದ ಹೊರಟು ದಾರಿಯಲ್ಲಿ ಮಟ್ಟ ಇಳಿದರೆ ಸಿಕ್ಕಿದ ಅಂಗಡಿಯಲ್ಲಿ ಕೊಂಡು ತುಂಬಬೇಕಾದ ಕಾರಿಗೆ ಡಾಟ್ 3 ಅಥವಾ ಡಾಟ್ 4 ಸಾಕು.

ಬದಲಾಯಿಸುವ ಕ್ರಮ

ದ್ರವವನ್ನು ಸೀಲ್ ಒಡೆಯದ ಹೊಸ ಡಬ್ಬಿಯಲ್ಲಿಯೇ ಕೊಳ್ಳಬೇಕು. ಗ್ಯಾರೇಜಿನ ಹಲಗೆಯ ಮೇಲೆ ಯಾವಾಗಲೋ ತೆರೆದಿಟ್ಟ ಅರ್ಧ ಡಬ್ಬಿ ಆಗಲೇ ತೇವ ಹೀರಿರುತ್ತದೆ. ಅದನ್ನು ಪುಕ್ಕಟೆಯಾಗಿ ಕೊಟ್ಟರೂ ಬೇಡ ಎನ್ನುವುದು ಮೇಲು. ಅರ್ಧ ಲೀಟರ್ ಇಂಥ ಕಾರಿಗೆ ಧಾರಾಳವಾಯಿತು. ಇದರ ಜೊತೆಗೆ ನಿಪ್ಪಲ್ಲಿಗೆ ಸರಿಯಾಗಿ ಕೂಡುವ ರಿಂಗ್ ಸ್ಪ್ಯಾನರು, ಅರ್ಧ ಮೀಟರ್ ಪಾರದರ್ಶಕ ಪ್ಲಾಸ್ಟಿಕ್ ನಳಿಕೆ, ಒಂದು ಗಾಜಿನ ಸೀಸೆ, ಔಷಧದಂಗಡಿಯ ದೊಡ್ಡ ಸಿರಿಂಜು, ನೂಲು ಬಿಡದ ಬಟ್ಟೆ ಮತ್ತು ಒಂದು ಬಕೆಟ್ ನೀರು ಬೇಕು.

ನೀರು ಏತಕ್ಕೆಂದರೆ, ಗ್ಲೈಕಾಲ್ ದ್ರವ ಕಾರಿನ ಬಣ್ಣವನ್ನು ಸುಲಿದುಬಿಡುತ್ತದೆ. ಐವತ್ತು ವರ್ಷ ಕಾಪಾಡಿಕೊಂಡು ಬಂದ ಮೂಲ ಬಣ್ಣ ಒಂದು ಹನಿಯಿಂದ ಗುಳ್ಳೆಯೇಳಬಹುದು. ಡಬ್ಬಿಯ ಸುತ್ತ ದಪ್ಪ ಬಟ್ಟೆ ಹೊದಿಸಿಯೇ ಮುಚ್ಚಳ ತೆಗೆಯಬೇಕು; ಹನಿ ಬಿದ್ದರೆ ಒರೆಸುವುದಕ್ಕಿಂತ ಮೊದಲು ನೀರು ಸುರಿಯಬೇಕು. ಕಣ್ಣಿಗೆ ಹಾರದಂತೆ ಎಚ್ಚರ ವಹಿಸಬೇಕು.

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಕೆಳಗೆ ನುಸುಳುವ ಅಗತ್ಯವಿದ್ದರೆ ಗಟ್ಟಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂಡಿಸಬೇಕು. ಕೇವಲ ಜಾಕ್ ಮೇಲೆಯೋ ಇಟ್ಟಿಗೆಗಳ ಮೇಲೆಯೋ ನಿಲ್ಲಿಸಿದ ಕಾರಿನ ಕೆಳಗೆ ಯಾರನ್ನೂ ಬಿಡತಕ್ಕದ್ದಲ್ಲ. ಸ್ಲೇವ್ ಸಿಲಿಂಡರಿನ ನಿಪ್ಪಲ್ಲಿಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಹಿಂದಿನ ದಿನವೇ ಹೊರಗಿನಿಂದ ಬಿಟ್ಟಿರಬೇಕು. ಈ ಚಿಕ್ಕ ನಿಪ್ಪಲ್ ಒಳಗೆ ಟೊಳ್ಳಾಗಿರುವುದರಿಂದ ಅವಸರದಲ್ಲಿ ತಿರುಗಿಸಿದರೆ ಮುರಿಯುತ್ತದೆ. ಮುರಿದರೆ ಸಿಲಿಂಡರನ್ನೇ ಕಳಚಿ ಕೊರೆಯಬೇಕಾಗುತ್ತದೆ. ಇಡೀ ಕೆಲಸದಲ್ಲಿ ತಾಳ್ಮೆ ಅತಿ ಹೆಚ್ಚು ಬೇಕಾದ ಹಂತ ಇದು.

ಸಿರಿಂಜಿನಿಂದ ಡಬ್ಬಿಯ ಹಳೆಯ ದ್ರವವನ್ನು ಹೀರಿ ತೆಗೆದು, ತಳದ ರಾಡಿಯನ್ನು ಬಟ್ಟೆಯಿಂದ ಒರೆಸಿ, ಹೊಸ ದ್ರವ ತುಂಬಬೇಕು. ಮುಚ್ಚಳದ ಗಾಳಿರಂಧ್ರವನ್ನು ಸೂಜಿಯಿಂದ ಬಿಡಿಸಿಕೊಳ್ಳಬೇಕು. ನಿಪ್ಪಲ್ಲಿಗೆ ಸ್ಪ್ಯಾನರು ಹಾಕಿ, ಅದರ ತುದಿಗೆ ನಳಿಕೆ ಸಿಕ್ಕಿಸಿ, ನಳಿಕೆಯ ಇನ್ನೊಂದು ತುದಿ ಸೀಸೆಯಲ್ಲಿ ಹಾಕಿಟ್ಟ ಸ್ವಲ್ಪ ಹೊಸ ದ್ರವದಲ್ಲಿ ಮುಳುಗಿರುವಂತೆ ಇಡಬೇಕು. ಮುಳುಗಿಲ್ಲದಿದ್ದರೆ ಗಾಳಿಯನ್ನು ವಾಪಸು ಹೀರಿಕೊಳ್ಳುತ್ತದೆ.

ಮುಂದಿನದು ಇಬ್ಬರ ಕೆಲಸ. ಒಬ್ಬರು ಪೆಡಲಿನ ಬಳಿ, ಮೆಕ್ಯಾನಿಕ್ಕು ನಿಪ್ಪಲ್ಲಿನ ಬಳಿ. ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿದಾಗ ನಿಪ್ಪಲ್ಲನ್ನು ಅರ್ಧ ಸುತ್ತು ಬಿಚ್ಚಬೇಕು. ಹಳೆಯ ದ್ರವ ಗುಳ್ಳೆಗಳ ಸಮೇತ ಸೀಸೆಗೆ ಬರುತ್ತದೆ. ನಿಪ್ಪಲ್ಲನ್ನು ಬಿಗಿಗೊಳಿಸಿದ ಅನಂತರವೇ ಪೆಡಲನ್ನು ಬಿಡಬೇಕು. ಈ ಅನುಕ್ರಮ ತಪ್ಪಿದರೆ ತೆಗೆದ ಗಾಳಿಯಷ್ಟೇ ಗಾಳಿ ಒಳಗೆ ಸೇರುತ್ತದೆ. ಒತ್ತಿದ್ದೇನೆ, ಬಿಟ್ಟಿದ್ದೇನೆ ಎಂದು ಪ್ರತಿ ಸಲವೂ ಗಟ್ಟಿಯಾಗಿ ಹೇಳುವ ಗ್ಯಾರೇಜಿನ ಪದ್ಧತಿ ನೋಡುವವರಿಗೆ ತಮಾಷೆಯಾಗಿ ಕಂಡರೂ ಅರ್ಥಪೂರ್ಣವಾದುದು. ನಾಲ್ಕೈದು ಬಾರಿಗೊಮ್ಮೆ ಡಬ್ಬಿಯ ಮಟ್ಟ ನೋಡಿ ತುಂಬುತ್ತಿರಬೇಕು. ಅದು ಬರಿದಾದರೆ ಎಲ್ಲವೂ ಮೊದಲಿನಿಂದ.

ಹಳೆಯ ಕಾರಿಗೆ ಮಾತ್ರ ಅನ್ವಯಿಸುವ ಎಚ್ಚರಿಕೆಯೊಂದು ಇಲ್ಲಿದೆ. ಪೆಡಲನ್ನು ನೆಲಮುಟ್ಟ ಒತ್ತಬಾರದು. ದಿನಬಳಕೆಯಲ್ಲಿ ಪಿಸ್ಟನ್ನು ತಲುಪದ ಕೊನೆಯ ಭಾಗದಲ್ಲಿಯೇ ತುಕ್ಕು ಹೆಚ್ಚು. ಪೂರ್ತಿ ಒತ್ತಿದರೆ ಚೆನ್ನಾಗಿದ್ದ ರಬ್ಬರು ಆ ಜಾಗಕ್ಕೆ ಹೋಗಿ ಹರಿಯುತ್ತದೆ. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟರೆ ಈ ಅನಾಹುತ ತಪ್ಪುತ್ತದೆ. ಒತ್ತುವ ಗೋಜೇ ಬೇಡವೆಂದರೆ, ಡಬ್ಬಿ ತುಂಬಿಸಿ ನಿಪ್ಪಲ್ಲನ್ನು ಸಡಿಲಿಸಿಟ್ಟು ದ್ರವ ತನ್ನ ಭಾರದಿಂದಲೇ ತೊಟ್ಟಿಕ್ಕುವಂತೆ ಬಿಡಬಹುದು. ಹೊತ್ತು ಹಿಡಿಯುತ್ತದೆ, ಮಟ್ಟದ ಮೇಲೆ ಕಣ್ಣಿಟ್ಟು ಕೂರಬೇಕು. ಆದರೆ ಹಳೆಯ ರಬ್ಬರಿಗೆ ಇದೇ ಹಿತ.

ನಳಿಕೆಯಲ್ಲಿ ಹೊಸ ದ್ರವದ ತಿಳಿಬಣ್ಣ ಬಂದು, ಗುಳ್ಳೆ ನಿಂತ ಮೇಲೆ ನಿಪ್ಪಲ್ಲನ್ನು ಬಿಗಿಮಾಡಿ ಅದರ ಟೋಪಿ ಹಾಕಬೇಕು. ಎಷ್ಟು ಸಲ ಮಾಡಿದರೂ ಪೆಡಲು ಮೆತ್ತಗೆಯೇ ಇದ್ದರೆ ಸ್ಲೇವ್ ಸಿಲಿಂಡರನ್ನು ಹಿಂದೆ ಯಾರೋ ತಲೆಕೆಳಗಾಗಿ ಕೂಡಿಸಿದ್ದಾರೆಯೇ ನೋಡಬೇಕು. ನಿಪ್ಪಲ್ ಮೇಲ್ಭಾಗದಲ್ಲಿರದಿದ್ದರೆ ಗಾಳಿ ಎಂದಿಗೂ ಹೊರಬರುವುದಿಲ್ಲ.

ಪರೀಕ್ಷೆಗೆ, ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಕ್ಲಚ್ ಒತ್ತಿ, ಕೆಲವು ಸೆಕೆಂಡು ತಡೆದು ರಿವರ್ಸ್ ಗೇರು ಹಾಕಬೇಕು. ಸದ್ದಿಲ್ಲದೆ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆ ಎಂದರ್ಥ. ಹೊಸ ದ್ರವ ಹಾಕಿದ ಒಂದೆರಡು ವಾರಗಳಲ್ಲಿ ಸೋರಿಕೆ ಕಾಣಿಸಿಕೊಳ್ಳುವುದೂ ಉಂಟು. ಅದುವರೆಗೆ ರಾಡಿಯೇ ಸವೆದ ರಬ್ಬರಿನ ಸಂದು ಮುಚ್ಚಿಕೊಂಡಿರುತ್ತದೆ. ಮಾಸ್ಟರು ಸೋರಿದರೆ ಪೆಡಲಿನ ಸರಳಿನ ಗುಂಟ ಕಾರಿನೊಳಗಿನ ಚಾಪೆಗೆ ಇಳಿಯುತ್ತದೆ; ಸ್ಲೇವ್ ಸೋರಿದರೆ ಅದರ ರಬ್ಬರ್ ಟೋಪಿ ಒದ್ದೆಯಾಗಿರುತ್ತದೆ. ಆದ್ದರಿಂದ ಬದಲಾಯಿಸಿದ ದಿನವೇ ದೇವರಾಯನದುರ್ಗದ ಏರು ಹತ್ತಿಸುವ ಉತ್ಸಾಹ ಬೇಡ. ಊರ ಸುತ್ತಲೇ ಕೆಲವು ದಿನ ಓಡಿಸಿ ನೋಡಬೇಕು. ತೆಗೆದ ಹಳೆಯ ದ್ರವವನ್ನು ಚರಂಡಿಗಾಗಲಿ ಮಣ್ಣಿಗಾಗಲಿ ಸುರಿಯದೆ, ಮಕ್ಕಳು ಮತ್ತು ನಾಯಿಗಳಿಗೆ ಎಟುಕದಂತೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಅಪಾಯಕಾರಿ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ನೋಂದಣಿ ಮತ್ತು ಲೆಕ್ಕ

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ವಾಣಿಜ್ಯೇತರ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವಾಹನಗಳೆಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಅವಧಿ 10 ವರ್ಷ. ಈಗಾಗಲೇ ನೋಂದಣಿಯಾಗಿರುವ ವಾಹನಗಳು ಮೂಲ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ವಾಹನ ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ದ್ರವ ಮತ್ತು ರಬ್ಬರುಗಳ ಬದಲಾವಣೆ ಈ ನಿರ್ಬಂಧಕ್ಕೆ ಒಳಪಡುವಂಥದ್ದಲ್ಲ. ಹೀಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಮತ್ತು ನಿರ್ವಹಣೆಗಾಗಿ ಮಾತ್ರ ರಸ್ತೆಗಿಳಿಸಬಹುದು. ಕೊಬ್ಬರಿಯ ವಸೂಲಿಗೆಂದು ಅದರಲ್ಲಿ ಊರೂರು ತಿರುಗುವಂತಿಲ್ಲ.

ಕಾರು ವ್ಯಾಪಾರ ಸಂಸ್ಥೆಯ ಲೆಕ್ಕದಲ್ಲಿದ್ದರೆ ದ್ರವ, ಕಿಟ್ಟು, ಕೂಲಿ ಇವು ರಾಜಸ್ವ ವೆಚ್ಚ. ಸತ್ತುಬಿದ್ದ ಕಾರನ್ನು ಆಮೂಲಾಗ್ರ ಎಬ್ಬಿಸಿ ನಿಲ್ಲಿಸಲು ಮಾಡಿದ ಖರ್ಚನ್ನು ರಿಪೇರಿ ಎಂದು ಬರೆದರೆ ಆಕ್ಷೇಪಣೆಗೆ ದಾರಿಯಾಗುತ್ತದೆ. ಸ್ವಂತ ಬಳಕೆಯ ಪಾಲನ್ನು ಬಿಟ್ಟುಕೊಡಬೇಕು. 13ಕ್ಕಿಂತ ಹೆಚ್ಚು ಜನ ಕೂರಲಾಗದ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಯ ಮೇಲಿನ ಜಿ.ಎಸ್.ಟಿ.ಗೆ ಸಾಮಾನ್ಯ ವರ್ತಕರು ಹೂಡುವಳಿ ತೆರಿಗೆ ಜಮೆ ಪಡೆಯುವಂತಿಲ್ಲವೆಂದು 2017ರ ಕೇಂದ್ರ ಜಿ.ಎಸ್.ಟಿ. ಅಧಿನಿಯಮದ 17(5)ನೆಯ ಪ್ರಕರಣ ಹೇಳುತ್ತದೆ. ಗ್ಯಾರೇಜಿನ ಬಿಲ್ಲಿನಲ್ಲಿ ಸಂಸ್ಥೆಯ ಜಿ.ಎಸ್.ಟಿ. ಸಂಖ್ಯೆ ಬರೆಸಿದ ಮಾತ್ರಕ್ಕೆ ಜಮೆ ದೊರೆಯದು.

ಕಾರು ಮನೆಯದಾಗಿದ್ದರೆ ಬಿಲ್ಲು ಏಕೆ ಎಂದು ಕೇಳುವವರಿಗೆ ಬೊಂಬಾಯಿ ಉಚ್ಚ ನ್ಯಾಯಾಲಯವು 2025ರಲ್ಲಿ ಕೊಟ್ಟ ತೀರ್ಪೊಂದು ಉತ್ತರವಾಗಿದೆ. 20,000 ರೂಪಾಯಿಗೆ ಕೊಂಡಿದ್ದ 1931ರ ಫೋರ್ಡ್ ಟೂರರ್ ಕಾರನ್ನು ಸಂಬಳದಾರರೊಬ್ಬರು 21 ಲಕ್ಷ ರೂಪಾಯಿಗೆ ಮಾರಿ, ಅದು ಸ್ವಂತ ಬಳಕೆಯ ವಸ್ತುವಾದ್ದರಿಂದ ಲಾಭಕ್ಕೆ ತೆರಿಗೆ ಇಲ್ಲವೆಂದು ವಾದಿಸಿದ್ದರು. ಪ್ರಕರಣವು 1992-93ರ ಕರನಿರ್ಧಾರಣಾ ವರ್ಷಕ್ಕೆ ಸಂಬಂಧಿಸಿದ್ದು. ಕಾರು ಎಂಬುದು ಸ್ವಂತ ಬಳಕೆಗೆ ಯೋಗ್ಯವಾಗಿದ್ದ ಮಾತ್ರಕ್ಕೆ ಸ್ವಂತ ವಸ್ತುವಾಗುವುದಿಲ್ಲ, ನಿಜವಾಗಿ ಬಳಸಿದ್ದಕ್ಕೆ ಪುರಾವೆ ಬೇಕು, ಅದನ್ನು ಒದಗಿಸುವ ಹೊಣೆ ಮಾಲೀಕರದು ಎಂದು ನ್ಯಾಯಾಲಯವು ಅಭಿಪ್ರಾಯಪಟ್ಟು ಅವರ ಮೇಲ್ಮನವಿಯನ್ನು ತಳ್ಳಿಹಾಕಿತು.

ಮಾರುವ ಯೋಚನೆ ಇಂದು ಇರದಿದ್ದರೂ ಮಕ್ಕಳ ಕಾಲಕ್ಕೆ ಬಂದೀತು. ಆದಕಾರಣ ಕಾರಿಗೆಂದೇ ಒಂದು ಪುಸ್ತಕವಿಟ್ಟು, ಪ್ರತಿ ಕೆಲಸದ ದಿನಾಂಕ, ಮೈಲಿ ಮೀಟರಿನ ಅಂಕಿ, ಹಾಕಿದ ದ್ರವದ ಹೆಸರು ಮತ್ತು ಡಾಟ್ ಸಂಖ್ಯೆ, ಕಿಟ್ಟಿನ ಅಳತೆ, ಗ್ಯಾರೇಜಿನ ಬಿಲ್ಲಿನ ಸಂಖ್ಯೆ, ಕಾರು ಹೋಗಿ ಬಂದ ಊರು ಇವನ್ನು ಬರೆಯುತ್ತ ಹೋಗಬೇಕು. ವಿಮೆ ಮತ್ತು ಪೆಟ್ರೋಲಿನ ರಸೀದಿಗಳನ್ನು ಅದರಲ್ಲಿಯೇ ಅಂಟಿಸಬಹುದು. ಮುಂದಿನ ಮೆಕ್ಯಾನಿಕ್ಕಿಗೆ ಡಬ್ಬಿಯೊಳಗೆ ಯಾವ ದ್ರವವಿದೆ ಎಂದು ಲೋಟದಲ್ಲಿ ಹನಿ ಬಿಟ್ಟು ನೋಡುವ ಅಗತ್ಯವಿರುವುದಿಲ್ಲ. ಮುಂದೊಂದು ದಿನ ತೆರಿಗೆ ಅಧಿಕಾರಿಗಳು ಕೇಳಿದರೆ ಅದೇ ಪುಸ್ತಕವನ್ನು ಮುಂದಿಡಬಹುದು. ಡಬ್ಬಿಯ ಮುಚ್ಚಳಕ್ಕೆ ದಿನಾಂಕ ಬರೆದ ಚೀಟಿಯೊಂದನ್ನು ದಾರದಿಂದ ಕಟ್ಟಿದರೆ ಎರಡು ವರ್ಷ ತುಂಬಿದ್ದು ಬಾನೆಟ್ಟು ತೆರೆದ ಕೂಡಲೇ ಕಣ್ಣಿಗೆ ಬೀಳುತ್ತದೆ.